ಕಟ್ಟೆಗೆ ಲಿಮಿನಲ್ ಸ್ಪೇಸ್ ಎನ್ನುವ ಆರ್ಕಿಟೆಕ್ಟ್: ಐದಕ್ಕೆ ಮೂರೂವರೆ

ನನ್ನದು ತೊಗರಿ ವ್ಯಾಪಾರ. ಕಲಬುರಗಿ ಎಪಿಎಂಸಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಕಾಳನ್ನು ಹಲ್ಲಿನಲ್ಲಿ ಕಡಿದು ತೇವ ಎಷ್ಟಿದೆ ಎಂದು ಹೇಳುತ್ತಾ ಬಂದವನು. ಹೋದ ವರ್ಷ ಮನೆ ಕಟ್ಟಿಸಲು ಊರಿನದೇ ಒಂದು ಆರ್ಕಿಟೆಕ್ಟ್ ಕಚೇರಿ ಹಿಡಿದೆ. ಹೆಸರು ಬೇಡ. ಹುಡುಗ ಒಳ್ಳೆಯವನು, ಕೆಲಸವೂ ಗೊತ್ತು. ತೊಂದರೆಯೆಲ್ಲ ಅವನು ಬಾಯಿ ತೆರೆದಾಗ.

ಮೊದಲ ದಿನವೇ ಪರದೆಯ ಮೇಲೆ ನಕಾಶೆ ತೋರಿಸಿ, "ಇದು ಲಿಮಿನಲ್ ಸ್ಪೇಸ್ ಅಂಕಲ್. ಒಳಗು ಹೊರಗುಗಳು ಇಲ್ಲಿ ಸಂವಾದ ನಡೆಸುತ್ತವೆ" ಎಂದ. ನನ್ನ ಹೆಂಡತಿ ಕನ್ನಡಕ ಏರಿಸಿ ನೋಡಿ, "ಕಟ್ಟೆ ಅಲ್ಲವೇ?" ಎಂದಳು. ಕಟ್ಟೆಯೇ. ಅಲ್ಲಿ ಸಂವಾದ ನಡೆಸುವವರು ನಮ್ಮ ಅವ್ವ ಮತ್ತು ಎದುರು ಮನೆಯ ಕಾಕಿ. ಒಳಗು ಹೊರಗುಗಳಿಗೆ ಮಾತಾಡಲು ಅವರು ಬಿಟ್ಟರೆ ತಾನೇ? ಕಿಟಕಿಗೆ ಫೆನೆಸ್ಟ್ರೇಷನ್, ಓಡಾಡುವ ದಾರಿಗೆ ಸರ್ಕ್ಯುಲೇಷನ್. ನೆಲಕ್ಕೆ ಶಹಾಬಾದ್ ಕಲ್ಲು ಹಾಕೋಣ ಎನ್ನುವಷ್ಟಕ್ಕೆ "ಈ ನೆಲದ ನೆನಪಿಗೆ ಪ್ರಾಮಾಣಿಕವಾದ ಮೆಟೀರಿಯಲ್ ಪ್ಯಾಲೆಟ್" ಎಂದ. ನಾವು ಅದೇ ಫರಶಿಯ ಮೇಲೆ ಅಂಬೆಗಾಲಿಟ್ಟವರು, ಬೇಸಿಗೆಯಲ್ಲಿ ನೀರು ಚಿಮುಕಿಸಿ ಅದಕ್ಕೆ ಬೆನ್ನು ಹಚ್ಚಿ ಮಲಗಿದವರು. ಪ್ರಾಮಾಣಿಕತೆ ನೋಡಬೇಕಾದದ್ದು ಕಲ್ಲು ಎಣಿಸಿ ಇಳಿಸುವ ಲಾರಿಯವನಲ್ಲಿ.

ಜಗಳವಾದದ್ದು ಪಡುವಣ ಗೋಡೆಗೆ. ಅಲ್ಲಿ ನೆಲದಿಂದ ಚಾವಣಿಯವರೆಗೆ ಗಾಜು ಬರೆದಿದ್ದ. ಸಂಜೆಯ ಬೆಳಕಿನೊಂದಿಗೆ ಪಾರದರ್ಶಕ ಸಂಬಂಧವಂತೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ ಆ ಸಂಬಂಧ ಬೆಳೆಸಿದರೆ ಸೋಫಾದ ಮೇಲೆ ಹಪ್ಪಳ ಒಣಗಿಸಬಹುದು. ನಮ್ಮ ಗೌಂಡಿ ನಕಾಶೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಸಾಹುಕಾರರೇ, ಈ ಗಾಜಿಗೆ ಪರದೆ ಹಾಕುತ್ತೀರಲ್ಲವೇ?" ಎಂದು ಕೇಳಿದ. ಹೌದೆಂದೆ. "ಹಾಗಾದರೆ ಇಟ್ಟಿಗೆಯನ್ನೇ ಕಟ್ಟುತ್ತೇನೆ, ಪರದೆಯ ದುಡ್ಡು ಉಳಿಯುತ್ತದೆ."

ಒಂದು ಭಾನುವಾರ ಮಧ್ಯಾಹ್ನ ಹುಡುಗನನ್ನು ಕೋಟೆಯ ಜಾಮಾ ಮಸೀದಿಗೆ ಕರೆದೊಯ್ದೆ. ಬಹಮನಿಗಳ ಕಾಲದ್ದು, 1367ರದು. 216 ಅಡಿಗೆ 176 ಅಡಿ, ತೆರೆದ ಅಂಗಳವೇ ಇಲ್ಲ, ಇಡೀ ಮೇಲ್ಭಾಗ ಗುಮ್ಮಟಗಳೇ. ಹೊರಗೆ ಏಪ್ರಿಲ್ ಬಿಸಿಲು ಸುಡುತ್ತಿತ್ತು. ಒಳಗೆ, ಬದಿಯ ಅಗಲ ಕಮಾನುಗಳಿಂದ ನುಸುಳಿದ ಬೆಳಕು ನೆಲಕ್ಕೆ ತಾಗಿ ಮೆತ್ತಗಾಗಿ ಕಂಬಗಳನ್ನು ಏರುತ್ತಿತ್ತು. ಹುಡುಗ ಕಾಲು ಗಂಟೆ ತುಟಿ ಬಿಚ್ಚಲಿಲ್ಲ. ಆಮೇಲೆ, "ಕಾಕಾ, ಗಾಜು ಬೇಡ ಬಿಡಿ. ಉತ್ತರಕ್ಕೆ, ಎತ್ತರದಲ್ಲಿ ಎರಡು ಕಿಂಡಿ ಇಡೋಣ" ಎಂದ. ಅಂಕಲ್ ಹೋಗಿ ಕಾಕಾ ಆಗಿದ್ದೆ! ಈಗ ಮಧ್ಯಾಹ್ನ ಮೂರಕ್ಕೂ ದೀಪ ಹಾಕದೆ ಅದೇ ಬೆಳಕಿನಲ್ಲಿ ಪೇಪರ್ ಓದುತ್ತೇನೆ.

ನಕಾಶೆಗಳು ಹೇಳಿದ ದಿನಕ್ಕೆ ಬಂದವು, ವಾರಕ್ಕೊಮ್ಮೆ ಕೆಲಸದ ಜಾಗಕ್ಕೂ ಬಂದ. ಅದಕ್ಕೇ ಮೂರೂವರೆ. ಉಳಿದದ್ದು ಕಡಿತವಾದದ್ದು ಅಡುಗೆಮನೆಯಲ್ಲಿ. ಎರ್ಗೊನಾಮಿಕ್, ಅಂದರೆ ಮೈಗೆ ಹಿತವಾದದ್ದು, ಎಂದು ಹೊಗಳಿಕೊಂಡು ಒಲೆಯ ಕಟ್ಟೆಯನ್ನು ನೆಲದಿಂದ 34 ಇಂಚು ಎತ್ತರಕ್ಕೆ ಏರಿಸಿದ. ಅಷ್ಟೆತ್ತರದಲ್ಲಿ ಜೋಳದ ರೊಟ್ಟಿ ಬಡಿದರೆ ಹೆಂಡತಿಯ ಭುಜ ಕಿತ್ತು ಬರುತ್ತದೆ. ಮೂಲೆಯಲ್ಲಿ ಆರು ಇಂಚು ತಗ್ಗಿಸಿ ಇನ್ನೊಂದು ಕಲ್ಲು ಕೂರಿಸಬೇಕಾಯಿತು.

ಕೊನೆಯ ಬಿಲ್ಲಿನಲ್ಲಿ "ಪರಿಕಲ್ಪನೆಯ ನಿರೂಪಣೆ" ಎಂದು ಬೇರೆಯಾಗಿ ಹದಿನೆಂಟು ಸಾವಿರ ಬರೆದಿದ್ದ. "ತೊಗರಿಯಲ್ಲಿ ತೇವ ಹೆಚ್ಚಿದ್ದರೆ ನಾವು ತೂಕದಲ್ಲಿ ಕಡಿಯುತ್ತೇವಪ್ಪ" ಎಂದೆ. ನಕ್ಕು, ಎರಡು ಸಾವಿರ ಬಿಟ್ಟ.