ತೋಟದ ಗಾಡಿಗೆ ಪ್ಲಾಸ್ಟಿಕ್ ಸ್ಪ್ರಾಕೆಟ್: ಶಿರಸಿಯ ಒಂದು ವರ್ಕ್‌ಶಾಪಿನ ಕೆಲಸ

ಬೆಟ್ಟದಿಂದ ಅಡಿಕೆ ತೋಟಕ್ಕೆ ಸೊಪ್ಪು, ದರಕು (ಒಣಗಿದ ಎಲೆ), ಗೊಬ್ಬರ ಸಾಗಿಸಲು ನಾನು ಬಳಸುವ, ರಬ್ಬರ್ ಪಟ್ಟಿಯ ಮೇಲೆ ಓಡುವ ಪುಟ್ಟ ಗಾಡಿಯ, ಪಟ್ಟಿಯನ್ನು ಓಡಿಸುವ ಹಲ್ಲುಚಕ್ರಗಳಾದ ಕಬ್ಬಿಣದ ಸ್ಪ್ರಾಕೆಟ್‌ಗಳು ಎರಡೇ ಮಳೆಗಾಲದಲ್ಲಿ ತುಕ್ಕು ಹಿಡಿದು ಪಟ್ಟಿಯ ಒಳಮೈಯ ಉಬ್ಬುಗಳನ್ನು ಕೊರೆಯತೊಡಗಿದವು. ಅವುಗಳ ಬದಲಿಗೆ ಪ್ಲಾಸ್ಟಿಕ್‌ನವನ್ನು ಮಾಡಿಸಲು ಶಿರಸಿಯ ಒಂದು ಲೇತ್ ವರ್ಕ್‌ಶಾಪಿಗೆ ಹೋದೆ. ಒಂದು ಮಳೆಗಾಲ ಪೂರ್ತಿ ಓಡಿಸಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮಾದರಿಗೆಂದು ಹಳೆಯ ಸ್ಪ್ರಾಕೆಟನ್ನು ಒಯ್ದಿದ್ದೆ. ಸವೆದ ಹಲ್ಲನ್ನು ನೋಡಿ ಕೊರೆದರೆ ಸವೆತವೂ ಸೇರಿಯೇ ಬರುತ್ತದೆ ಎಂದು ಹೇಳಿದ ಮಾಲೀಕರು ಅದನ್ನು ಪಕ್ಕಕ್ಕಿಟ್ಟು ಪಟ್ಟಿಯನ್ನೇ ತರಿಸಿಕೊಂಡರು. ಒಂದು ಉಬ್ಬಿನಿಂದ ಮುಂದಿನದಕ್ಕೆ ಅಳೆಯುವ ಬದಲು ಹತ್ತು ಅಂತರಗಳನ್ನು ಒಟ್ಟಿಗೆ ಅಳೆದರು: 600 ಮಿ.ಮೀ. ಅಂದರೆ ಒಂದಕ್ಕೆ 60. 9 ಹಲ್ಲಿಗೆ ಸುತ್ತಳತೆ 540, ವ್ಯಾಸ ಸುಮಾರು 172 ಮಿ.ಮೀ. ಆದರೆ ಈ ವ್ಯಾಸ ಪಟ್ಟಿಯೊಳಗಿನ, ಹಿಗ್ಗದ ನೂಲಿನ ಪದರದ್ದು. ಸ್ಪ್ರಾಕೆಟ್ ತಾಗುವುದು ಅದಕ್ಕಿಂತ ಒಳಗಿನ ರಬ್ಬರಿಗೆ. ಹಾಗಾಗಿ ಆ ರಬ್ಬರಿನ ದಪ್ಪವನ್ನು ಎರಡು ಪಟ್ಟು ಕಳೆಯಬೇಕು. ನಾನು ಮನೆಯಲ್ಲಿ ಹಾಕಿಕೊಂಡು ಹೋಗಿದ್ದ ಲೆಕ್ಕದಲ್ಲಿ ಈ ಕಳೆಯುವ ಭಾಗವೇ ಇರಲಿಲ್ಲ. ಅದರಂತೆ ಮಾಡಿಸಿದ್ದರೆ ಹಲ್ಲು ಉಬ್ಬಿನ ಮೇಲೇರಿ ಪಟ್ಟಿ ಜಿಗಿಯುತ್ತಿತ್ತು.

ನಾನು ಕೇಳಿದ್ದು ನೈಲಾನ್. ನೈಲಾನ್ ನೀರು ಹೀರಿ ಉಬ್ಬುತ್ತದೆ, ನಮ್ಮ ಕಡೆಯ ಮಳೆಗೆ ಅದರ ಅಳತೆ ನಿಲ್ಲುವುದಿಲ್ಲ ಎಂದು ಅವರು ಯು.ಎಚ್.ಎಂ.ಡಬ್ಲ್ಯು. ಪಾಲಿಎಥಿಲೀನ್ ಎಂಬ, ನೀರು ಹೀರದ ಗಟ್ಟಿ ಪ್ಲಾಸ್ಟಿಕ್ಕಿನ ಹಾಳೆಯನ್ನು ಆರಿಸಿದರು. ಅದರದೊಂದು ತುಂಡನ್ನು ಬಕೆಟ್ಟಿಗೆ ಹಾಕಿ ತೋರಿಸಿದರು. ಮರದ ಚಕ್ಕೆಯಂತೆ ತೇಲಿತು. ಹಲ್ಲುಗಳ ಬುಡದಲ್ಲಿ ಕೆಸರು ಹೊರಬೀಳಲು ದೊಡ್ಡ ಕಿಂಡಿಗಳನ್ನೂ ಬಿಟ್ಟಿದ್ದಾರೆ. ಬಸಿಗಾಲುವೆಯ ಅಂಚಿನ ಕೆಂಪು ರಾಡಿಯಲ್ಲಿ ಓಡಿಸಿ ಬಂದಾಗಲೂ ಅದರಲ್ಲಿ ಮಣ್ಣು ಕಟ್ಟಿಕೊಂಡಿರುವುದಿಲ್ಲ, ಒಂದು ಕೊಡ ನೀರು ಹೊಯ್ದರೆ ಸಾಕು.

ಎಡವಿದ್ದು ಬೋಲ್ಟಿನಲ್ಲಿ. ತೂತಿನೊಳಗೆ ಕೂರಿಸುವ ಲೋಹದ ಕೊಳವೆ, ಅಂದರೆ ಬುಷ್, ಇಲ್ಲದೆ ಬೋಲ್ಟನ್ನು ನೇರವಾಗಿ ಪ್ಲಾಸ್ಟಿಕ್ಕಿಗೇ ಬಿಗಿದಿದ್ದರು. ಈ ಪ್ಲಾಸ್ಟಿಕ್ ಸತತ ಒತ್ತಡಕ್ಕೆ ಮೆಲ್ಲಮೆಲ್ಲನೆ ಜಗ್ಗುವ ಜಾತಿಯದು, ಬಿಸಿಲಿಗೆ ಕಬ್ಬಿಣಕ್ಕಿಂತ ಬಹಳ ಹೆಚ್ಚು ಹಿಗ್ಗುವಂಥದು. ಮೂರನೆಯ ವಾರಕ್ಕೆ ನಟ್ಟುಗಳು ಸಡಿಲಾಗಿ, ದುಂಡಗಿದ್ದ ತೂತುಗಳು ಮೊಟ್ಟೆಯಾಕಾರಕ್ಕೆ ತಿರುಗಿದ್ದವು. ಹಾಳೆಯ ಗುಣವನ್ನು ಅಷ್ಟು ಬಲ್ಲವರು ಇದನ್ನು ಮರೆತದ್ದು ನನಗೆ ಇನ್ನೂ ಆಶ್ಚರ್ಯ. ಎರಡೂ ಬದಿಗೆ ಉಕ್ಕಿನ ಬಿಲ್ಲೆ, ತೂತುಗಳಿಗೆ ಬುಷ್ ಹಾಕಿ ಸರಿಪಡಿಸಿದರು, ಕೂಲಿ ಕೇಳಲಿಲ್ಲ. ಆದರೆ ಹನ್ನೆರಡು ದಿನ ಹಿಡಿಸಿದರು, ಅಷ್ಟು ದಿನವೂ ಗೊಬ್ಬರವನ್ನು ತಲೆಯ ಮೇಲೆ ಹೊತ್ತೆವು.

ಆಮೇಲೆ ತಕರಾರಿಲ್ಲ. ಜೋಡಿಗೆ ಕೊಟ್ಟ 5,500 ರೂಪಾಯಿ ದುಬಾರಿ ಎನಿಸಲಿಲ್ಲ. ಇನ್ನೊಂದು ಜೋಡಿಗೆ ಮುಂಗಡ ಕೊಟ್ಟಿದ್ದು, ಬುಷ್ ಮೊದಲೇ ಕೂರಿಸಿ ಕೊಡಬೇಕೆಂದು ರಸೀದಿಯ ಹಿಂದೆ ಅವರ ಕೈಯಲ್ಲೇ ಬರೆಸಿಕೊಂಡು ಬಂದಿದ್ದೇನೆ.