ಹಾಸನದ ಕಸೂತಿ ಕೌದಿ: ಗೋಡೆಗೆ ಬಂದ ಹಳೇಬೀಡಿನ ಪಟ್ಟಿಕೆಗಳು

ಹಾಸನದ ಬಿ.ಎಂ. ರಸ್ತೆಯಿಂದ ಸ್ವಲ್ಪ ಒಳಗೆ, ನಾಮಫಲಕವಿಲ್ಲದ ಮನೆಯೊಂದರ ಮೇಲಂತಸ್ತಿನಲ್ಲಿ ಐದಾರು ಮಂದಿ ಮಹಿಳೆಯರು ಗೋಡೆಗೆ ತೂಗುಹಾಕುವ ಕಸೂತಿ ಕೌದಿಗಳನ್ನು ಕೇಳಿದವರಿಗೆ ಹೊಲಿದುಕೊಡುತ್ತಾರೆ. ಅವರಿಂದ ನಾನು ಮಾಡಿಸಿಕೊಂಡ ಕೌದಿ ಈಗ ನಮ್ಮ ಮನೆಯ ನಡುಮನೆಯಲ್ಲಿದೆ. ನಾಲ್ಕು ಅಡಿ ಅಗಲ, ಐದು ಅಡಿ ಎತ್ತರದ ಈ ಕೌದಿಯಲ್ಲಿ ಕೆಲವು ಕೊರತೆಗಳಿದ್ದರೂ, ಕೌದಿಯ ಮೇಲೆ ಕಸೂತಿ ಹೇಗಿರಬೇಕು ಎಂಬುದನ್ನು ಇಷ್ಟು ಸ್ಪಷ್ಟವಾಗಿ ಅರಿತು ಮಾಡಿದ ಕೆಲಸವನ್ನು ನಾನು ನಮ್ಮ ಭಾಗದಲ್ಲಿ ಬೇರೆಲ್ಲೂ ಕಂಡಿಲ್ಲ.

ಸಾಮಾನ್ಯವಾಗಿ ನಡೆಯುವುದು ಹೀಗೆ: ಒಂದೇ ಪದರದ ಬಟ್ಟೆಯ ಮೇಲೆ ಚಿತ್ರವನ್ನು ಪೂರ್ತಿ ಕಸೂತಿ ಮಾಡಿ, ಅದರ ಕೆಳಗೆ ಹತ್ತಿಯ ಹಾಸನ್ನೂ ಅಸ್ತರನ್ನೂ ಇಟ್ಟು, ಚಿತ್ರಕ್ಕೆ ಸಂಬಂಧವೇ ಇಲ್ಲದ ಚೌಕುಳಿ ಗೆರೆಗಳನ್ನು ಯಂತ್ರದಲ್ಲಿ ಹೊಲಿದು ಮುಗಿಸುತ್ತಾರೆ. ಆಗ ಕಸೂತಿ ಒಂದು ಕಡೆ, ಕೌದಿ ಇನ್ನೊಂದು ಕಡೆ ಉಳಿಯುತ್ತದೆ. ನಮ್ಮ ನಾಡಿನ ಹಳೆಯ ಕೌದಿಗಳಲ್ಲಿ ಈ ಬಿರುಕು ಇರಲಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರು ಅಂಚಿನಿಂದ ಆರಂಭಿಸಿ ಸುತ್ತುತ್ತಾ ನಡುವಿನ ಕಡೆಗೆ ಹೊಲಿಯುವಾಗ, ತುಂಡನ್ನು ಕೂರಿಸುವ ಓಡುಹೊಲಿಗೆಯೇ (ಸೂಜಿ ಮೇಲೆ ಕೆಳಗೆ ಹೋಗುತ್ತಾ ಸಾಲಾಗಿ ಸಾಗುವ ಸರಳ ಹೊಲಿಗೆ) ಪದರಗಳನ್ನೂ ಹಿಡಿಯುತ್ತದೆ, ಮೇಲ್ಮೈಯ ವಿನ್ಯಾಸವೂ ಅದೇ ಆಗುತ್ತದೆ. ಹಾಸನದ ಈ ಮನೆಯವರು ಅದೇ ತತ್ತ್ವವನ್ನು ಕಸೂತಿಗೂ ಅನ್ವಯಿಸಿದ್ದಾರೆ.

ನಾನು ಮೊದಲು ಕೇಳಿದ್ದು ಬೇಲೂರಿನ ಶಿಲಾಬಾಲಿಕೆಯೊಬ್ಬಳ ಚಿತ್ರವನ್ನು. ಹೊಯ್ಸಳ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅಂಥ ಬೇಡಿಕೆಯೇ ಹೆಚ್ಚಾಗಿ ಬರುತ್ತದೆ ಎಂದು ಅವರು ಹೇಳಿದರು. ಆದರೆ ಧಾರವಾಡದ ಕಡೆಯಿಂದ ಮದುವೆಯಾಗಿ ಹಾಸನಕ್ಕೆ ಬಂದಿರುವ, ವಿನ್ಯಾಸದ ಹೊಣೆ ಹೊತ್ತ ಅಕ್ಕ ಒಪ್ಪಲಿಲ್ಲ. "ಕಲ್ಲಿನ ನೆರಳು ದಾರಕ್ಕ ಬರೂದಿಲ್ರೀ, ಗೆರೀನ ಬರ್ತದ" ಎಂದರು. ಶಿಲಾಬಾಲಿಕೆಯ ಸೊಬಗಿರುವುದು ಆಳವಾದ ಕೊರೆತದಲ್ಲಿ, ಅದರಿಂದ ಹುಟ್ಟುವ ನೆರಳಿನಲ್ಲಿ. ಚಪ್ಪಟೆ ಬಟ್ಟೆಯ ಮೇಲೆ ಅದನ್ನು ತರಹೊರಟರೆ ಉಳಿಯುವುದು ಆಭರಣಗಳ ಗಿಜಿಗಿಜಿ ಮಾತ್ರ. ಅದರ ಬದಲಿಗೆ ಅವರು ಸೂಚಿಸಿದ್ದು ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಹೊರಗೋಡೆಯ ಅಡ್ಡ ಪಟ್ಟಿಕೆಗಳನ್ನು: ಕೆಳಗಿನಿಂದ ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣದ ಕಥೆಗಳು, ಮಕರ, ಹಂಸ. ಒಂದೇ ಆಕೃತಿ ಸಣ್ಣ ಸಣ್ಣ ಬದಲಾವಣೆಯೊಂದಿಗೆ ಸಾಲಾಗಿ ಸಾಗುವ ಈ ಕ್ರಮ ತುಂಡು ಬಟ್ಟೆ ಜೋಡಿಸುವ ಕಲೆಗೆ ಹೇಳಿ ಮಾಡಿಸಿದಂತಿದೆ. ಗಿರಾಕಿ ಕೇಳಿದ್ದನ್ನು ಹಾಗೆಯೇ ಮಾಡಿಕೊಟ್ಟು ಹಣ ಪಡೆಯುವುದು ಸುಲಭವಾಗಿತ್ತು. ಅವರು ಹಾಗೆ ಮಾಡಲಿಲ್ಲ ಎಂಬುದನ್ನು ನಾನು ಗೌರವದಿಂದ ದಾಖಲಿಸುತ್ತೇನೆ.

ಬಟ್ಟೆ ಕೈಮಗ್ಗದ ಹತ್ತಿ, ಬಣ್ಣ ಆ ಗುಡಿಯ ಬಳಪದ ಕಲ್ಲಿನ ಹಸಿರುಗೂಡಿದ ಬೂದು. ಬಟ್ಟೆಯ ಗಂಜಿ ಹೋಗಿ, ಅದು ಕುಗ್ಗುವಷ್ಟು ಮೊದಲೇ ಕುಗ್ಗಲೆಂದು ರಾತ್ರಿಯಿಡೀ ನೀರಿನಲ್ಲಿ ನೆನೆಸಿಟ್ಟಿದ್ದರು. ಕಸೂತಿ ದಾರ ಬಟ್ಟೆಯನ್ನು ಒಳಕ್ಕೆ ಎಳೆದುಕೊಳ್ಳುವುದರಿಂದ ಪ್ರತಿ ಪಟ್ಟಿಯನ್ನೂ ಬೇಕಾದ ಅಳತೆಗಿಂತ ದೊಡ್ಡದಾಗಿ ಕತ್ತರಿಸಿ, ಕಸೂತಿ ಮುಗಿದ ಮೇಲೆ ಸವರಿ ಅಳತೆಗೆ ತಂದಿದ್ದಾರೆ. ಎಂಟು ಪಟ್ಟಿಗಳ ಅಂಚೂ ಒಂದೇ ನೇರದಲ್ಲಿ ನಿಂತಿರುವುದಕ್ಕೆ ಈ ಎಚ್ಚರಿಕೆಯೇ ಕಾರಣ. ಆನೆಗಳಿಗೆ ನೇಯ್ದಂತೆ ಕಾಣುವ ನೇಯ್ಗೆ ಹೊಲಿಗೆ, ಸಿಂಹದ ಜೂಲಿಗೆ ಕತ್ತರಿಯಾಕಾರದ ಮೆಂಥೆ, ಹಂಸಗಳಿಗೆ ಅಂಕುಡೊಂಕು ಗೆರೆಯ ಮುರ್ಗಿ ಬಳಸಿದ್ದಾರೆ. ಎಳೆ ಎಣಿಸಿ ಹಾಕುವ ಧಾರವಾಡ ಕಸೂತಿಯಲ್ಲಿ ಬಾಗುವ ಬಳ್ಳಿ ಮೆಟ್ಟಿಲು ಮೆಟ್ಟಿಲಾಗಿಬಿಡುತ್ತದೆ. ಹಾಗಾಗಿ ಬಳ್ಳಿಯ ಪಟ್ಟಿಗಳಲ್ಲಿ ಮಾತ್ರ ಕಸೂತಿಯ ನಿಯಮವನ್ನು ಬಿಟ್ಟು, ತೂತು ಚುಚ್ಚಿದ ಕಾಗದದ ಮೇಲೆ ನೀಲಿ ಪುಡಿ ಒರೆಸಿ ಗೆರೆ ಮೂಡಿಸಿಕೊಂಡು, ಚೈನ್ ಹೊಲಿಗೆ ಹಾಕಿದ್ದಾರೆ. ಈ ಬೆರಕೆ ನನಗೆ ಒಪ್ಪಿಗೆಯಾಯಿತು. ಶುದ್ಧತೆಯ ಹೆಸರಿನಲ್ಲಿ ಬಳ್ಳಿಯನ್ನು ಕೋನಗಳಾಗಿ ಮುರಿದಿದ್ದರೆ ಹೊಯ್ಸಳರ ಬಳ್ಳಿಯ ಗುಣವೇ ಹೋಗುತ್ತಿತ್ತು.

ಈ ಕೌದಿಯ ನಿಜವಾದ ಸಾಧನೆ ಇರುವುದು ಪದರಗಳನ್ನು ಬಂಧಿಸಿದ ರೀತಿಯಲ್ಲಿ. ಧಾರವಾಡ ಕಸೂತಿಯ ಗವಂತಿ ಹೊಲಿಗೆಯಲ್ಲಿ ಸೂಜಿ ಮೊದಲು ಒಂದು ದಿಕ್ಕಿಗೆ ಎಳೆ ಬಿಟ್ಟು ಎಳೆ ಹಿಡಿದು ಹೋಗಿ, ಹಿಂದಿರುಗುವಾಗ ಬಿಟ್ಟ ಜಾಗಗಳನ್ನು ತುಂಬುತ್ತದೆ; ಆದ್ದರಿಂದ ಗೆರೆ ಎರಡೂ ಬದಿಯಲ್ಲಿ ಒಂದೇ ರೀತಿ ಕಾಣುತ್ತದೆ, ಗಂಟು ಎಲ್ಲಿಯೂ ಇರುವುದಿಲ್ಲ. ಸೀರೆಯ ಸೆರಗಿನಲ್ಲಿ ನೋಡಿ ಬೆರಗಾಗುವ ಈ ಗುಣವನ್ನು ಇವರು ಮೂರು ಪದರಗಳಿಗೂ ದಾಟಿಸಿದ್ದಾರೆ. ಪ್ರತಿ ಆಕೃತಿಯ ಹೊರರೇಖೆಯನ್ನು ಮೊದಲು ಖಾಲಿ ಬಿಟ್ಟು, ಹಾಸು ಮತ್ತು ಅಸ್ತರು ಸೇರಿದ ಮೇಲೆ, ಸೂಜಿಯನ್ನು ನೆಟ್ಟಗೆ ಇಳಿಸಿ ನೆಟ್ಟಗೆ ಎತ್ತುತ್ತಾ ಗವಂತಿಯಲ್ಲಿ ಆ ರೇಖೆಯನ್ನು ಹಾಕಿದ್ದಾರೆ. ದಪ್ಪದಲ್ಲಿ ಎಳೆ ಎಣಿಸುವುದು ಕಷ್ಟವಾದ್ದರಿಂದ ಹೊಲಿಗೆಯ ಉದ್ದ ಸ್ವಲ್ಪ ಹೆಚ್ಚಿದೆ, ಆದರೆ ಎಲ್ಲಿಯೂ ಹದ ತಪ್ಪಿಲ್ಲ. ರೇಖೆಯ ಗುಂಟ ಹಾಸು ಅದುಮಿಕೊಂಡು, ಆನೆಯ ಮೈ ತಾನಾಗಿ ಉಬ್ಬಿ ನಿಲ್ಲುತ್ತದೆ. ಸಂಜೆಯ ಓರೆ ಬೆಳಕು ಬಿದ್ದಾಗ ಕಲ್ಲಿನ ನೆರಳು ದಾರಕ್ಕಲ್ಲದಿದ್ದರೂ ಹತ್ತಿಗೆ ಬರುತ್ತದೆ. ಕೌದಿಯನ್ನು ತಿರುಗಿಸಿದರೆ ಖಾಲಿ ಅಸ್ತರಿನ ಮೇಲೆ ಅದೇ ಆನೆ, ಅದೇ ಹಂಸ, ಬರಿಯ ರೇಖೆಗಳಲ್ಲಿ ಕಾಣುತ್ತವೆ. ಹಿಂಬದಿಯನ್ನು ಗೋಡೆಗೆ ಮುಖ ಮಾಡಿ ತೂಗುಹಾಕಲು ನನಗೆ ಈಗಲೂ ಮನಸ್ಸು ಒಪ್ಪುವುದಿಲ್ಲ.

ಪುರಾಣ ಕಥೆಗಳ ಪಟ್ಟಿಯಲ್ಲಿ ಅವರು ಒಂದು ಆಕೃತಿಯನ್ನೂ ಕಸೂತಿ ಮಾಡಿಲ್ಲ. ಎಲ್ಲಕ್ಕಿಂತ ಅಗಲವಾದ ಆ ಪಟ್ಟಿಯನ್ನು ಸರಳ ಬಟ್ಟೆಯಾಗಿಯೇ ಉಳಿಸಿ, ಒತ್ತೊತ್ತಾದ ಓಡುಹೊಲಿಗೆಗಳನ್ನಷ್ಟೇ ಹಾಕಿದ್ದಾರೆ. ಮೊದಲ ನೋಟಕ್ಕೆ ಕೊರತೆ ಎನಿಸಿದರೂ, ಮೇಲಿನ ಮತ್ತು ಕೆಳಗಿನ ಸಾಲುಗಳು ಉಸಿರಾಡುವುದು ಆ ಬಿಡುವಿನಿಂದಲೇ.

ಇದಕ್ಕೆ ಹೋಲಿಸಿದರೆ ಕುದುರೆಗಳ ಪಟ್ಟಿ ಸೋತಿದೆ. ಅಲ್ಲಿ ತುಂಬುಹೊಲಿಗೆ ಎಷ್ಟು ದಟ್ಟವಾಗಿದೆಯೆಂದರೆ ಬಟ್ಟೆ ರಟ್ಟಿನಂತೆ ಗಡುಸಾಗಿ, ತೂಗುಹಾಕಿದಾಗ ಎರಡು ಕಡೆ ಅಲೆ ಏಳುತ್ತದೆ. ಸುತ್ತಲಿನ ಅಂಚುಪಟ್ಟಿಯನ್ನು ಯಂತ್ರದಲ್ಲಿ ಹೊಲಿದಿರುವುದರಿಂದ ಮೂಲೆಗಳು ದಪ್ಪಗಾಗಿವೆ. ಇಷ್ಟು ಕೈಗೆಲಸದ ನಡುವೆ ಅದು ಕಣ್ಣಿಗೆ ಚುಚ್ಚುತ್ತದೆ. ಹೇಳಿದ ಅವಧಿಗಿಂತ ಬಹಳ ತಡವಾಗಿಯೂ ಕೊಟ್ಟರು.

ನಡುಪದರದ ಆಯ್ಕೆಯ ಬಗ್ಗೆ ನೀವೇ ವಿಚಾರಿಸಬೇಕು. ಬೇರೆ ಏನೂ ಹೇಳದಿದ್ದರೆ ಅವರು ಪಾಲಿಯೆಸ್ಟರ್ ಹಾಸನ್ನು ಬಳಸುತ್ತಾರೆ. ಅದು ಹಗುರ, ತೇವ ಹೀರುವುದಿಲ್ಲ, ಉಬ್ಬು ಚೆನ್ನಾಗಿ ಕೊಡುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆಯ ಮಳೆಗಾಲದ ಮನೆಗಳಿಗೆ ಅದೇ ವಾಸಿ. ಹತ್ತಿಯ ಹಾಸು ನೇರವಾಗಿ, ಭಾರವಾಗಿ ಇಳಿಬೀಳುತ್ತದೆ, ಆದರೆ ಹೊಲಿಗೆಗಳು ದೂರ ದೂರವಾದರೆ ಒಗೆದಾಗ ಒಳಗೇ ಉಂಡೆಗಟ್ಟುತ್ತದೆ, ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಮೂರನೆಯ ದಾರಿ ಹಳೆಯ ಹತ್ತಿ ಸೀರೆಗಳ ಪದರ. ನಾನು ಆರಿಸಿಕೊಂಡದ್ದು ಅದನ್ನೇ. ಉಬ್ಬು ಸ್ವಲ್ಪ ಕಡಿಮೆಯಾದರೂ ಸೂಜಿ ಸಲೀಸಾಗಿ ಇಳಿಯುವುದರಿಂದ ಗವಂತಿ ಅಚ್ಚುಕಟ್ಟಾಗಿ ಬರುತ್ತದೆ ಎಂದು ಅಕ್ಕನೂ ಹೇಳಿದರು.

ನಾನು ಕೊಟ್ಟದ್ದು 22,000 ರೂಪಾಯಿ. ಕೈಹೊಲಿಗೆಯ ಪ್ರಮಾಣ ನೋಡಿದರೆ ಇದು ಹೆಚ್ಚಲ್ಲ. ದಟ್ಟ ಕಸೂತಿ ಕಡಿಮೆ ಮಾಡಿಸಿದರೆ ಬೆಲೆಯೂ ಇಳಿಯುತ್ತದೆ, ಕೌದಿಯೂ ಚೆನ್ನಾಗಿರುತ್ತದೆ. ಹೋಗುವವರು ಗೋಡೆಯ ಅಳತೆಯ ಜೊತೆಗೆ ಬೆಳಕು ಯಾವ ಕಡೆಯಿಂದ ಬರುತ್ತದೆ ಎಂಬುದನ್ನೂ ಹೇಳಬೇಕು. ನೇರ ಬಿಸಿಲು ಬೀಳುವ ಗೋಡೆಯಾದರೆ ದಾರದ ಬಣ್ಣ ಮಾಸುತ್ತದೆ. ಕೆಂಪು ಮತ್ತು ಕಪ್ಪು ದಾರ ಬಣ್ಣ ಬಿಡುತ್ತದೆಯೇ ಎಂಬುದನ್ನು ಒದ್ದೆಯಾದ ಬಿಳಿ ಬಟ್ಟೆಯಿಂದ ಒತ್ತಿ ತೋರಿಸಲು ಕೇಳಿ, ತೋರಿಸುತ್ತಾರೆ. ಹಿಂಬದಿಯ ಮೇಲಂಚಿನಲ್ಲಿ ಕೋಲು ತೂರಿಸುವ ಬಟ್ಟೆಯ ಕೊಳವೆಯನ್ನು ಉದ್ದಕ್ಕೂ ಹೊಲಿಸಿಕೊಳ್ಳಿ. ಅದಿಲ್ಲದೆ ಮೂಲೆಗಳಿಗೆ ಬಳೆ ಹಾಕಿ ತೂಗುಹಾಕಿದರೆ ಭಾರವೆಲ್ಲ ಎರಡೇ ಕಡೆ ಬಿದ್ದು ನಡುಭಾಗ ಜೋಲುತ್ತದೆ. ಕೇಳದಿದ್ದರೆ ಅವರಾಗಿಯೇ ಅದನ್ನು ಹಾಕಿಕೊಡುವುದಿಲ್ಲ.