ಮಲೆನಾಡಲ್ಲಿ ಕಾಡು ನೋಡಲು ಹೋದರೆ ಎಲ್ಲಿ ಉಳಿಯುವುದು: ಲಾಡ್ಜ್, ರೆಸಾರ್ಟ್, ಜಂಗಲ್ ಲಾಡ್ಜ್, ತೋಟದ ಮನೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ತೋಟದ ಮನೆಗೆ. ತೀರ್ಥಹಳ್ಳಿ ದಾಟಿ ಆಗುಂಬೆ ಕಡೆಗೆ ಹೋಗುವಾಗ ಒಳದಾರಿಗಳಲ್ಲಿ ಅಡಿಕೆ ತೋಟದ ನಡುವೆ ಮನೆಯವರೇ ನಡೆಸುವ ಹೋಂಸ್ಟೇಗಳಿವೆಯಲ್ಲ, ಅವು. ನಾವಿಬ್ಬರೂ, ಅಂದರೆ ನಾನು ಮತ್ತು ನಮ್ಮ ಯಜಮಾನರು, ದಾವಣಗೆರೆಯವರು. ಬಿಡುವಾದಾಗೆಲ್ಲ ಕ್ಯಾಮೆರಾ, ದುರ್ಬೀನು ಹಿಡಿದು ಶಿವಮೊಗ್ಗ ಕಡೆಗೆ ಹೊರಡುತ್ತೇವೆ. ಶಿವಮೊಗ್ಗ ಪೇಟೆಯ ಲಾಡ್ಜ್, ಲಕ್ಕವಳ್ಳಿಯ ಜಂಗಲ್ ಲಾಡ್ಜ್, ಘಟ್ಟದ ಅಂಚಿನ ಒಂದು ದುಬಾರಿ ರೆಸಾರ್ಟ್, ತೋಟದ ಮನೆ, ಎಲ್ಲದರಲ್ಲೂ ಉಳಿದಿದ್ದೇವೆ. ಈ ಮಳೆಗಾಲದಲ್ಲಿ ಆ ರೆಸಾರ್ಟಿಗೆ ಕೊಟ್ಟ ದುಡ್ಡು ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ರೂಮು ಎಷ್ಟು ದೊಡ್ಡದು, ಟಿವಿ ಇದೆಯಾ, ವೈಫೈ ಇದೆಯಾ ಅನ್ನುವುದನ್ನೆಲ್ಲ ಬುಕ್ ಮಾಡುವ ಆ್ಯಪ್‌ನಲ್ಲೇ ನೋಡಬಹುದು. ಅಲ್ಲಿ ಯಾರೂ ಬರೆಯದ ಒಂದು ವಿಷಯವಿದೆ. ಅದು ಒದ್ದೆ ಬಟ್ಟೆ.

ಮಳೆಗಾಲದಲ್ಲಿ ಯಾಕೆ ಹೋಗಬೇಕು ಅಂತ ಕೇಳುವವರಿದ್ದಾರೆ. ನೋಡುವುದು ಇರುವುದೇ ಆಗ. ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟಿ ಮರಿ ಮಾಡುವುದು ಮಳೆಗಾಲದಲ್ಲಿ. ಸೊರಬದ ಗುಡವಿ ಕೆರೆಯೂ ಅಷ್ಟೇ. ಆಗುಂಬೆ ಸುತ್ತಿನ ಕಪ್ಪೆಗಳು ಹೊರಗೆ ಬರುವುದೂ ಮಳೆ ಹಿಡಿದ ಮೇಲೆ. ಆದರೆ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಎಂಥ ರೇನ್‌ಕೋಟ್ ಹಾಕಿದರೂ ಒಂದು ಗಂಟೆಯಲ್ಲಿ ಒಳಗೆ ನೀರು. ಪ್ಯಾಂಟು, ಸಾಕ್ಸು, ಶೂ, ಟೋಪಿ ಎಲ್ಲ ತೊಪ್ಪೆ.

ರೆಸಾರ್ಟಿನಲ್ಲಿ ಮೊದಲ ದಿನ ಹೀಗೆ ನೆನೆದು ಬಂದೆವು. ರೂಮು ಚೆನ್ನಾಗಿತ್ತು, ಒಂದು ಇಡೀ ಗೋಡೆ ಗಾಜು, ಆಚೆಗೆ ಕಣಿವೆ. ಬಟ್ಟೆ ಹಾಕಲು ಮಾತ್ರ ಒಂದು ಹಗ್ಗ ಇಲ್ಲ, ಒಂದು ಮೊಳೆ ಇಲ್ಲ. ಬಾಲ್ಕನಿಯ ಕಂಬಿಯ ಮೇಲೆ ಹರವಿದೆ. ಹತ್ತು ನಿಮಿಷದಲ್ಲಿ ಒಬ್ಬ ಹುಡುಗ ಬಂದ. "ಮೇಡಂ, ಹೊರಗಡೆ ಬಟ್ಟೆ ಹಾಕೋ ಹಾಗಿಲ್ಲ, ನೋಡೋಕೆ ಚೆನ್ನಾಗಿರಲ್ಲ ಅಂತಾರೆ." ಅವನ ತಪ್ಪೇನಿಲ್ಲ, ಹೇಳಿ ಕಳಿಸಿದ್ದನ್ನು ಹೇಳಿದ. ಲಾಂಡ್ರಿಗೆ ಕೊಡೋಣ ಅಂದರೆ ಬರುವುದು ಮರುದಿನ ಸಂಜೆಗೆ, ಒಂದೊಂದು ಬಟ್ಟೆಗೂ ಬೇರೆ ಬೇರೆ ರೇಟು. ನಾಲ್ಕು ಜೊತೆ ಸಾಕ್ಸಿಗೆ ಹೇಳಿದ ದುಡ್ಡಿನಲ್ಲಿ ಹೊಸ ಸಾಕ್ಸೇ ತರಬಹುದಿತ್ತು. ಕೊನೆಗೆ ಎಲ್ಲವನ್ನೂ ಬಾತ್‌ರೂಮಿನ ಟವೆಲ್ ಕಂಬಿಗೆ ನೇತು ಹಾಕಿ ಎಸಿ ಹಾಕಿದೆವು.

ಬೆಳಗ್ಗೆ ನೋಡಿದರೆ ನೀರು ಸೋರುವುದು ನಿಂತಿತ್ತು, ಅಷ್ಟೇ. ಶೂ ಹಿಂದಿನ ದಿನ ಹೇಗಿತ್ತೋ ಹಾಗೇ. ಕೂದಲು ಒಣಗಿಸುವ ಮಿಷನ್ ಹಿಡಿದು ಶೂ ಒಣಗಿಸಲು ಹೋದರೆ ಕರೆಂಟ್ ಹೋಯಿತು. ಜನರೇಟರಿನಲ್ಲಿ ಲೈಟ್ ಮಾತ್ರ ಉರಿಯುತ್ತದಂತೆ. ಎರಡನೇ ಜೊತೆ ಬಟ್ಟೆಯೂ ಅವತ್ತೇ ನೆನೆಯಿತು. ಮೂರನೇ ದಿನ ಒದ್ದೆ ಸಾಕ್ಸಿನ ಮೇಲೆ ಒದ್ದೆ ಶೂ ಹಾಕಿಕೊಂಡು ಹೊರಟೆವು. ಕಾಲಿನ ಚರ್ಮ ಬೆಳ್ಳಗೆ ಸುಕ್ಕುಗಟ್ಟಿ, ನಡೆದಲ್ಲೆಲ್ಲ ಉರಿ. ಪಕ್ಷಿಯ ಮೇಲೆ ಗಮನವೇ ಇರಲಿಲ್ಲ.

ಆ ಎಸಿ ಇನ್ನೊಂದು ಕಿತಾಪತಿ ಮಾಡಿತು. ರಾತ್ರಿಯಿಡೀ ತಣ್ಣಗಿದ್ದ ಲೆನ್ಸನ್ನು ಬೆಳಗ್ಗೆ ಹೊರಗಿನ ಹಸಿ ಗಾಳಿಗೆ ತಂದ ಕೂಡಲೇ ಅದರ ಮೇಲೆ ನೀರು ಕಟ್ಟಿಕೊಳ್ಳುತ್ತದೆ. ಒರೆಸಿದಷ್ಟೂ ಮತ್ತೆ ಮಂಜು. ಎದುರಿನ ಅತ್ತಿ ಮರಕ್ಕೆ ಮಂಗಟ್ಟೆ ಬಂದು ಕೂತು, ಹಣ್ಣು ತಿಂದು, ಹಾರಿ ಹೋಯಿತು. ಯಜಮಾನರು ಅಷ್ಟು ಹೊತ್ತೂ ಬಟ್ಟೆ ಹಿಡಿದು ಲೆನ್ಸ್ ಒರೆಸುತ್ತಲೇ ಇದ್ದರು. ಎಸಿ ರೂಮಿನಲ್ಲೇ ಉಳಿಯಬೇಕಾದರೆ ರಾತ್ರಿ ಮಲಗುವ ಮೊದಲು ಕ್ಯಾಮೆರಾವನ್ನು ಚೀಲದೊಳಗಿಟ್ಟು ಜಿಪ್ ಹಾಕಿ. ಬೆಳಗ್ಗೆ ಹೊರಗೆ ತಂದು, ಚೀಲ ತೆರೆಯದೆ ಅರ್ಧ ಗಂಟೆ ಬಿಡಿ.

ಈಗ ತೋಟದ ಮನೆ. ಬಂದು ಜಗಲಿಯಲ್ಲಿ ನಿಂತ ನಮ್ಮ ಅವತಾರ ನೋಡಿ ಆ ಮನೆಯ ಅಮ್ಮ ಕೇಳಿದ್ದು ಆಧಾರ್ ಕಾರ್ಡ್ ಅಲ್ಲ. "ಅಯ್ಯೋ, ಆ ಒದ್ದೆ ಬಟ್ಟೆ ಎಲ್ಲ ಇತ್ಲಾಗೆ ಕೊಡಿ ಮಾರಾಯ್ರೆ, ಬಚ್ಚಲಿಗೆ ಹಾಕ್ತೀನಿ" ಅಂದರು. ಬಚ್ಚಲಲ್ಲಿ ಒಲೆ, ಒಲೆಯ ಮೇಲೆ ಹೂತ ಹಂಡೆ. ಮಳೆಗಾಲದಲ್ಲಿ ಅಡಿಕೆ ಸಿಪ್ಪೆ, ಸೌದೆ ಹಾಕಿ ಆ ಒಲೆಯನ್ನು ಆರಲು ಬಿಡುವುದೇ ಇಲ್ಲ. ಅದರ ಮೇಲೆ ಅಡ್ಡಕ್ಕೆ ಕಟ್ಟಿದ ಬಿದಿರಿನ ಗಳ. ಮನೆಯವರ ಬಟ್ಟೆಯ ಪಕ್ಕದಲ್ಲೇ ನಮ್ಮದೂ. ಶೂ ಒಳಗೆ ಹಳೆಯ ಪೇಪರ್ ತುರುಕಿ ಒಲೆಯಿಂದ ಒಂದು ಮಾರು ದೂರ ಇಟ್ಟರು. ಬೆಳಗ್ಗೆ ಸಾಕ್ಸ್ ಬೆಚ್ಚಗಿತ್ತು! ಬಟ್ಟೆಗೆ ಹೊಗೆ ವಾಸನೆ ಹಿಡಿಯುತ್ತದೆ ಅನ್ನುವುದು ನಿಜ. ಊರಿಗೆ ಬಂದು ಎರಡು ಸಲ ಒಗೆದ ಮೇಲೆ ಹೋಯಿತು. ನನಗೆ ಅದು ದೊಡ್ಡದು ಅನ್ನಿಸಲಿಲ್ಲ. ರೇನ್‌ಕೋಟ್ ಮಾತ್ರ ಒಲೆಯ ಹತ್ತಿರ ಇಡಬೇಡಿ, ಕರಗುತ್ತದೆ.

ಇನ್ನೊಂದು ಲಾಭ, ಆ ಮನೆ ಏಳುವ ಹೊತ್ತು. ಐದಕ್ಕೆಲ್ಲ ಕೊಟ್ಟಿಗೆಯಲ್ಲಿ ಲೈಟ್ ಬೀಳುತ್ತದೆ, ಹಾಲು ಕರೆಯುವ ಸದ್ದು ಕೇಳುತ್ತದೆ. ನಾವು ಹೊರಡುವ ಹೊತ್ತಿಗೆ ಕೈಗೆ ಬಿಸಿ ಕಷಾಯ. ತೋಟದ ಕೆಳಗಿನ ಹಳ್ಳದಲ್ಲಿ ಸಿಳ್ಳಾರ ಹಕ್ಕಿ ಕತ್ತಲಿರುವಾಗಲೇ ಶಿಳ್ಳೆ ಶುರು ಮಾಡಿರುತ್ತದೆ. ರೆಸಾರ್ಟಿನಲ್ಲಿ ಟೀ ಸಿಗುವುದು ಏಳಕ್ಕೆ, ತಿಂಡಿ ಎಂಟೂವರೆಗೆ. ಪಕ್ಷಿ ನೋಡುವವರಿಗೆ ಅಷ್ಟು ಹೊತ್ತಿಗೆ ಅರ್ಧ ದಿನ ಮುಗಿದ ಹಾಗೆ, ಅಲ್ವಾ?

ರಾತ್ರಿ ತೋಟದ ಕೆರೆಯ ಹತ್ತಿರ ಟಾರ್ಚ್ ಹಿಡಿದು ಹೋದೆವು. ಮಲಬಾರ್ ಗ್ಲೈಡಿಂಗ್ ಕಪ್ಪೆ ನೋಡಬೇಕು ಅಂತ ನನಗೆ ಬಹಳ ದಿನದ ಆಸೆ. ಎಲೆಹಸಿರು ಮೈ, ಬೆರಳುಗಳ ನಡುವೆ ಕಿತ್ತಳೆ ಕೆಂಪಿನ ಪೊರೆ. ನೀರಿನ ಮೇಲೆ ಬಾಗಿದ ಎಲೆಗಳಲ್ಲಿ ನೊರೆ ಕಟ್ಟಿ, ಅದರೊಳಗೆ ಮೊಟ್ಟೆ ಇಡುತ್ತದೆ. ಮರಿಗಳು ಅಲ್ಲಿಂದಲೇ ಜಾರಿ ನೀರಿಗೆ ಬೀಳುತ್ತವೆ. ಇದನ್ನು ತೋರಿಸಿದ್ದು ಆ ಮನೆಯ ಮಗ, ಕಾಲೇಜಿಗೆ ಹೋಗುವ ಹುಡುಗ. ಆ ನೊರೆಗೂಡು ಯಾವ ಕೊಂಬೆಯಲ್ಲಿದೆ, ಯಾವತ್ತು ಕಟ್ಟಿತು ಅನ್ನುವುದೆಲ್ಲ ಅವನಿಗೆ ಗೊತ್ತಿತ್ತು. ಟಾರ್ಚನ್ನು ಕಪ್ಪೆಯ ಕಣ್ಣಿಗೆ ಬಿಡಬೇಡಿ ಅಂತ ನಮಗೇ ಹೇಳಿದ. ಹಗಲು ಅದೇ ತೋಟದಲ್ಲಿ ಅಡಿಕೆ ಮರದಿಂದ ಮರಕ್ಕೆ ಹಾರುವ ಓತಿ, ಮನೆಯ ಹಿಂದಿನ ಹಲಸಿನಲ್ಲಿ ಕೆಂದಳಿಲು.

ಉಂಬಳ, ಅಂದರೆ ರಕ್ತ ಹೀರುವ ಜಿಗಣೆ, ಎಲ್ಲ ಕಡೆಯೂ ಇದೆ. ಸುಣ್ಣ, ಹೊಗೆಸೊಪ್ಪು ಇಟ್ಟುಕೊಳ್ಳಿ, ಹೆದರಬೇಡಿ.

ತೋಟದ ಮನೆಯಲ್ಲಿ ಕೊರತೆ ಇಲ್ಲ ಅಂತ ಅಲ್ಲ. ಕೊನೆಯ ಎರಡು ಕಿಲೋಮೀಟರ್ ಕೆಸರು ರಸ್ತೆ. ನಮ್ಮ ಸಣ್ಣ ಕಾರನ್ನು ಡಾಂಬರು ರಸ್ತೆಯ ಪಕ್ಕ ಬಿಟ್ಟು ಅವರ ಜೀಪಿನಲ್ಲಿ ಹೋದೆವು. ಫೋನ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ, ಅದೂ ಬಿಎಸ್ಎನ್ಎಲ್. ಮಳೆ ಬಿಟ್ಟ ದಿನ ಮನೆಯ ಯಜಮಾನರಿಗೆ ನಮ್ಮ ಜೊತೆ ಬರಲು ಪುರುಸೊತ್ತಿರುವುದಿಲ್ಲ. ಅಡಿಕೆಗೆ ಕೊಳೆ ರೋಗ ಬರದ ಹಾಗೆ ಬೋರ್ಡೋ ದ್ರಾವಣ ಹೊಡೆಸಬೇಕು, ಅದಕ್ಕೆ ಬಿಸಿಲು ಕಂಡ ದಿನವೇ ಆಗಬೇಕು. ಅವರ ಬದುಕು ನಡೆಯುವುದು ಆ ಬೆಳೆಯಿಂದ. ನಮ್ಮನ್ನು ನೋಡಿಕೊಳ್ಳುವುದು ಅದರ ನಂತರ, ಅದು ಸರಿ ಕೂಡ. ಊಟ ಅವರು ಮಾಡಿದ್ದೇ ನಮಗೂ: ಕಡುಬು, ಕಳಲೆ ಪಲ್ಯ, ತಂಬುಳಿ, ಮಿಡಿ ಉಪ್ಪಿನಕಾಯಿ. ಮೆನು ಕೇಳುವವರಿಗೆ ಆ ಮನೆ ಬೇಡ.

ಪೇಟೆಯ ಲಾಡ್ಜ್ ನನ್ನ ಲೆಕ್ಕದಲ್ಲಿ ಎರಡನೆಯದು, ಅದಕ್ಕೆ ಕಾರಣ ಸಕ್ರೆಬೈಲು. ಆನೆ ಬಿಡಾರಕ್ಕೆ ಜನರನ್ನು ಬಿಡುವುದು ಬೆಳಗ್ಗೆ ಮಾತ್ರ. ರಾತ್ರಿ ಕಾಡಿನಲ್ಲಿ ಮೇದ ಆನೆಗಳನ್ನು ಮಾವುತರು, ಕಾವಾಡಿಗಳು ಬೆಳಗ್ಗೆ ಕರೆತಂದು ಗಾಜನೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮೀಯಿಸುತ್ತಾರೆ. ತಿನ್ನಲು ಕೊಟ್ಟು ಮಧ್ಯಾಹ್ನದ ಹೊತ್ತಿಗೆ ವಾಪಸ್ ಕಾಡಿಗೆ ಕಳಿಸುತ್ತಾರೆ. ಶಿವಮೊಗ್ಗದಿಂದ ಅದು 14 ಕಿ.ಮೀ., ಆಗುಂಬೆಯಿಂದ ಹತ್ತಿರ ಹತ್ತಿರ 80. ಘಟ್ಟದ ಕಡೆ ಉಳಿದು ಬೆಳಗ್ಗೆ ಇಲ್ಲಿಗೆ ಓಡಿ ಬರುವುದು ಸುಮ್ನೆ ಸುಸ್ತು. ಹಾಗಾಗಿ ಮೊದಲ ರಾತ್ರಿ ಲಾಡ್ಜಿನಲ್ಲಿ ಮಲಗಿ, ಬೆಳಗ್ಗೆ ಆನೆ ನೋಡಿ, ಅದೇ ತೀರ್ಥಹಳ್ಳಿ ರಸ್ತೆಯಲ್ಲಿ ಮುಂದೆ ಹೋಗಿ ಮಂಡಗದ್ದೆಯಲ್ಲಿ ಇಳಿದು, ಮಧ್ಯಾಹ್ನದ ಊಟಕ್ಕೆ ತೋಟದ ಮನೆ ಸೇರುವುದು ನಮ್ಮ ರೂಢಿ. ಲಾಡ್ಜಿನ ಬಾಡಿಗೆ ಕಡಿಮೆ, ಫ್ಯಾನ್ ಚೆನ್ನಾಗಿ ತಿರುಗುತ್ತದೆ, ಟೆರೇಸಿನಲ್ಲಿ ಹಗ್ಗ ಇದೆ. ಪೇಟೆಯ ಮಳೆ ಆಗುಂಬೆಯ ಕಾಲು ಭಾಗವೂ ಇಲ್ಲ, ಬಟ್ಟೆ ಹೇಗೋ ಒಣಗುತ್ತದೆ. ಬಸ್ ಹಾರ್ನ್ ಸದ್ದು ರಾತ್ರಿಯೂ ನಿಲ್ಲುವುದಿಲ್ಲ. ಬೆಳಗಿನ ಜಾವ ಹೊರಡುವುದಿದ್ದರೆ ಶಟರ್ ತೆಗೆಯಲು ಹಿಂದಿನ ರಾತ್ರಿಯೇ ಹೇಳಿಡಿ.

ತ್ಯಾವರೆಕೊಪ್ಪದ ಸಿಂಹಧಾಮವೂ ಪೇಟೆಗೆ ಹತ್ತಿರ, ಸಾಗರ ರಸ್ತೆಯಲ್ಲಿ. ಮಕ್ಕಳಿದ್ದರೆ ಹೋಗಿ. ಮಂಗಳವಾರ ರಜೆ.

ಲಕ್ಕವಳ್ಳಿಯದು ಬೇರೆಯೇ ಕಥೆ. ಅಲ್ಲಿಗೆ ನಾವು ಹೋದದ್ದು ಬೇಸಿಗೆಯಲ್ಲಿ, ಭದ್ರಾ ಹಿನ್ನೀರಿನ ಪಕ್ಕದಲ್ಲಿರುವ ಸರ್ಕಾರದ ಜಂಗಲ್ ಲಾಡ್ಜಸ್‌ನ ರಿವರ್ ಟರ್ನ್ ಲಾಡ್ಜಿಗೆ. ಊರು ಚಿಕ್ಕಮಗಳೂರು ಜಿಲ್ಲೆಯ ತರೀಕೆರೆ ತಾಲೂಕಿಗೆ ಸೇರಿದ್ದಾದರೂ ನಮಗೆ ಹತ್ತಿರ ಶಿವಮೊಗ್ಗದಿಂದಲೇ. ಬಾಡಿಗೆ ಕೇಳಿದ ಕೂಡಲೇ ಜಾಸ್ತಿ ಅನ್ನಿಸುತ್ತದೆ. ಆದರೆ ಅದರೊಳಗೆ ಊಟ, ಜೀಪ್ ಸಫಾರಿ, ದೋಣಿ ಎಲ್ಲ ಸೇರಿದೆ. ಬೇರೆ ಬೇರೆಯಾಗಿ ಲೆಕ್ಕ ಹಾಕಿದರೆ ಮೋಸ ಇಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಕಾಣುವ ಬೋಳು ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ನೆಲದ ಮೇಲೇ ಮೊಟ್ಟೆ ಇಟ್ಟು ಕೂತಿರುತ್ತವೆ. ದೋಣಿಯಿಂದ ಆ ಗಲಾಟೆ ನೋಡುವುದೇ ಒಂದು ಖುಷಿ. ಭದ್ರಾ 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಒಳಗಿದ್ದ ಹಳ್ಳಿಗಳನ್ನು 2002ರ ಹೊತ್ತಿಗೆ ಹೊರಗೆ ನೆಲೆಗೊಳಿಸಿದರು. ಹಿಂದೆ ಗದ್ದೆಯಾಗಿದ್ದ ಬಯಲುಗಳಲ್ಲಿ ಈಗ ಕಾಟಿಗಳ ಹಿಂಡು. ನಮಗೆ ಹುಲಿ ಕಾಣಲಿಲ್ಲ, ಕಾಟಿ ಮತ್ತು ಆನೆ ಧಾರಾಳವಾಗಿ ಕಂಡವು. ದೊಡ್ಡ ಪ್ರಾಣಿ ನೋಡಬೇಕು ಅನ್ನುವವರು ಮೊದಲು ಇಲ್ಲಿಗೇ ಹೋಗಬೇಕು. ತೋಟದ ಮನೆಯಿಂದ ಅದು ಆಗುವುದಿಲ್ಲ.

ಹಾಗಾದರೆ ತೋಟದ ಮನೆಗೆ ಯಾಕೆ ಮೊದಲ ಸ್ಥಾನ? ನಮಗೆ ಜೀಪಿನಲ್ಲಿ ಕೂತು ನೋಡುವುದಕ್ಕಿಂತ ನಡೆದು ನೋಡುವುದು ಇಷ್ಟ. ಕಪ್ಪೆ, ಹಕ್ಕಿ, ಓತಿಯಲ್ಲೇ ದಿನ ಕಳೆಯುವವರು ನಾವು. ರೆಸಾರ್ಟಿನ ಒಂದು ರಾತ್ರಿಯ ದುಡ್ಡಿಗೆ ಅಲ್ಲಿ ಇಬ್ಬರೂ ಎರಡು ರಾತ್ರಿ ಊಟ ತಿಂಡಿ ಸಮೇತ ಇರಬಹುದು, ಆ ದುಡ್ಡು ಹೋಗುವುದೂ ಆ ತೋಟ ಉಳಿಸಿಕೊಂಡಿರುವ ಮನೆಗೆ. ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು, ರಾತ್ರಿ ಅಂಗಳ ದಾಟಿ ಬಚ್ಚಲಿಗೆ ಹೋಗಲು ಆಗದವರು ಲಕ್ಕವಳ್ಳಿಯನ್ನೇ ಆರಿಸಿಕೊಳ್ಳಿ. ರೆಸಾರ್ಟನ್ನು ಕಾಡು ನೋಡಲು ಹೋಗುವ ಯಾರಿಗೂ ನಾನು ಹೇಳುವುದಿಲ್ಲ.

ಡಿಸೆಂಬರ್‌ನಿಂದ ಮೇವರೆಗೆ ಹೋಗುವವರಿಗೆ ಒಂದು ಮಾತು. ಅದು ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗ ಉಣುಗು ಕಚ್ಚುವುದರಿಂದ ಬರುತ್ತದೆ. ತೋಟದ ಮನೆಯವರು ಇಂಥ ಕಡೆ ಮಂಗ ಸತ್ತಿದೆ, ಆ ದಾರಿ ಬೇಡ ಅಂದರೆ ಹೋಗಲೇಬೇಡಿ. ಮೈ ತುಂಬ ಬಟ್ಟೆ ಹಾಕಿ, ಬಂದ ಕೂಡಲೇ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ.

ಮಳೆಗಾಲಕ್ಕೆ ಹೋಂಸ್ಟೇ ಬುಕ್ ಮಾಡುವವರು ಫೋನಿನಲ್ಲಿ ಮೊದಲು ಕೇಳಬೇಕಾದದ್ದು ಬಚ್ಚಲಲ್ಲಿ ಒಲೆ ಇದೆಯಾ ಅಂತ. ಈಗ ಕೆಲವು ಮನೆಗಳಲ್ಲಿ ಅತಿಥಿಗಳಿಗೆ ಬೇರೆ ರೂಮು ಕಟ್ಟಿ ಸೋಲಾರ್ ಹಾಕಿಸಿದ್ದಾರೆ. ಜುಲೈಯಲ್ಲಿ ವಾರಗಟ್ಟಲೆ ಬಿಸಿಲೇ ಬರುವುದಿಲ್ಲ, ಸೋಲಾರ್ ನೀರು ಬೆಚ್ಚಗೂ ಆಗುವುದಿಲ್ಲ. "ಒಲೆ ನಮ್ಮನೆ ಬಚ್ಚಲಲ್ಲಿದೆ, ನೀವೂ ಅಲ್ಲೇ ಬನ್ನಿ" ಅಂದರೆ ಮುಂಗಡ ಕಳಿಸಿಬಿಡಿ.